ಹೊಸ ಫೋನಿನಲ್ಲಿ ಯುಪಿಐ ಎಸ್ಎಂಎಸ್ ಹೋಗದಿದ್ದರೆ

ಹೊಸ ಆಂಡ್ರಾಯ್ಡ್ ಫೋನಿಗೆ ಬದಲಾದ ಮೇಲೆ ಯುಪಿಐ ವೆರಿಫಿಕೇಶನ್ ಫೇಲ್ ಆಗ್ತಿದೆ, ವಾಟ್ಸಾಪ್ ಚಾಟ್ ಉಳಿಯುತ್ತಾ ಅಂತ ಕೇಳಿದ್ದೀರಿ.

ಯುಪಿಐ ಆ್ಯಪ್ ನಿಮ್ಮ ಸಿಮ್‌ನಿಂದಲೇ ಒಂದು ಎಸ್ಎಂಎಸ್ ಕಳಿಸಿ ಫೋನನ್ನು ಖಾತೆಗೆ ಜೋಡಿಸುತ್ತದೆ. ಅದು ಹೋಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲು ರೀಚಾರ್ಜ್ ಪ್ಲಾನ್ ನೋಡಿ, ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಎಸ್ಎಂಎಸ್ ಇರುವುದೇ ಇಲ್ಲ. ಎರಡು ಸಿಮ್ ಇದ್ದರೆ ಬ್ಯಾಂಕಿನಲ್ಲಿ ನೋಂದಾಯಿಸಿದ್ದನ್ನೇ ಆರಿಸಿ, ಆ್ಯಪ್‌ಗೆ ಎಸ್ಎಂಎಸ್ ಅನುಮತಿ ಕೊಡಿ. ಹಳೇ ಸಿಮ್ಮನ್ನು ಇ-ಸಿಮ್ ಮಾಡಿಸಿದ್ದೀರಾ, ಅಥವಾ ಡೂಪ್ಲಿಕೇಟ್ ತೆಗೆದುಕೊಂಡಿದ್ದೀರಾ? ಹಾಗಿದ್ದರೆ ಮೋಸ ತಡೆಯಲು 24 ಗಂಟೆ ಎಸ್ಎಂಎಸ್ ಬಂದ್ ಇರುತ್ತದೆ, ಕಾಯದೆ ಬೇರೆ ದಾರಿಯಿಲ್ಲ. ಪದೇ ಪದೇ ಪ್ರಯತ್ನಿಸಿದರೆ ಆ್ಯಪ್ ತಾತ್ಕಾಲಿಕವಾಗಿ ಲಾಕ್ ಆಗಬಹುದು. ಹಳೆಯ ಯುಪಿಐ ಪಿನ್ನೇ ನಡೆಯುತ್ತದೆ, ಹೊಸದು ಬೇಡ. ಜೋಡಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂ. ಮಿತಿ ಇರುತ್ತದೆ. ಬಾಡಿಗೆ, ಫೀಸು ಕಟ್ಟುವ ದಿನ ಫೋನ್ ಬದಲಿಸಬೇಡಿ.

ವಾಟ್ಸಾಪ್‌ಗೆ ಹಳೇ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ತೆರೆಯಿರಿ. ಹೊಸದರಲ್ಲಿ ಅದೇ ನಂಬರಿನಿಂದ ನೋಂದಾಯಿಸಿ, ಅಲ್ಲಿ ಬರುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಿ. ಎರಡರಲ್ಲೂ ವೈಫೈ, ಲೊಕೇಶನ್ ಆನ್ ಇರಲಿ. ಫೋಟೊ, ವಿಡಿಯೊ ಹೆಚ್ಚಿದ್ದರೆ ಸಮಯ ಹಿಡಿಯುತ್ತದೆ, ಎರಡನ್ನೂ ಚಾರ್ಜರ್‌ಗೆ ಹಾಕಿಡಿ.

ದಯವಿಟ್ಟು ಇವೆರಡೂ ಸರಿಹೋಗುವವರೆಗೆ ಹಳೇ ಫೋನನ್ನು ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ.