ಶರಣಪ್ಪನವರು ಆಪರೇಷನ್‌ಗೆ ಯಾಕೆ ಹೆದರಿದ್ದರು?

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಶರಣಪ್ಪನವರಿಗೆ 54 ವರ್ಷ. ಚಿತ್ತಾಪುರ ಕಡೆಯ ತೊಗರಿ ಬೆಳೆಗಾರರು. ಇಬ್ಬರು ಗಂಡುಮಕ್ಕಳ ಜೊತೆ ಕಲಬುರಗಿಗೆ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಚಹಾ ತರಿಸಿದೆ. ಅದು ಪೂರ್ತಿ ಆರುವ ತನಕ ಕಾದರು. ಆಮೇಲೆ ಚಮಚ ಕೇಳಿ ತಗೊಂಡು, ಎಡಗಡೆಯಿಂದ ಸ್ವಲ್ಪ ಸ್ವಲ್ಪವೇ ಕುಡಿದರು. ಬಲಗೆನ್ನೆಯ ಒಳಗೆ ಹುಣ್ಣು. ಮೂವತ್ತು ವರ್ಷ ತಂಬಾಕು, ಸುಣ್ಣ ಇಟ್ಟುಕೊಂಡ ಜಾಗ ಅದೇ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದು ಎರಡು ತಿಂಗಳಾಗಿತ್ತು. ಗಡ್ಡೆ ಮೂರು ಸೆಂಟಿಮೀಟರ್, ಎರಡನೇ ಹಂತ. ಡಾಕ್ಟರು ಆಪರೇಷನ್ ಹೇಳಿದ್ದರು. ಮಾಡಿಸಿರಲಿಲ್ಲ. ಹಿರಿಮಗ ನಾಟಿ ವೈದ್ಯರ ಪುಡಿ ತಂದು ಕೊಡುತ್ತಿದ್ದ. "ಚಾಕು ಹತ್ತಿದ್ರ ಮೈತುಂಬ ಹರಡ್ತದಂತ್ರಿ ಮೇಡಂ" ಅಂದ. ಕಿರಿಮಗ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಬೇರೆಯದೇ ಹಟ ಹಿಡಿದಿದ್ದ. "ಕೀಮೋ, ರೇಡಿಯೇಷನ್ ಎಲ್ಲ ಹಳೇ ಕಾಲದ್ದು ರೀ. ಈಗ ಇಮ್ಯುನೋಥೆರಪಿ ಬಂದದ. ಎರಡು ಎಕರೆ ಮಾರಿದ್ರ ಆಯ್ತದ." ಅಪ್ಪ ಸುಮ್ಮನೆ ಕೂತಿದ್ದರು.

ಮೊದಲು ಕಿರಿಮಗನಿಗೆ ಹೇಳಿದೆ. ಅವನು ಓದಿದ್ದು ಸುಳ್ಳಲ್ಲ. ನಮ್ಮ ದೇಹದ ರೋಗನಿರೋಧಕ ಕಣಗಳಿಗೆ ಒಂದು ಬ್ರೇಕ್ ಇರುತ್ತದೆ, ಆ ಬ್ರೇಕ್ ತೆಗೆಯುವ ಔಷಧಿ ಅದು. ಅದರ ಹಿಂದಿನ ಸಂಶೋಧನೆಗೆ 2018ರಲ್ಲಿ ನೊಬೆಲ್ ಬಂತು. ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರುಗಳು ನಿವೊಲುಮ್ಯಾಬ್ ಅನ್ನೋ ಇಂಜೆಕ್ಷನ್ನನ್ನು ಬರೀ 20 ಮಿಲಿಗ್ರಾಂನಷ್ಟು, ಬೇರೆ ಔಷಧಿಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿತು. ದೊಡ್ಡ ಮಾತು. ಆದರೆ ಅದು ರೋಗ ಮರಳಿ ಬಂದು ಅಥವಾ ಹರಡಿ, ಆಪರೇಷನ್ನಿನಿಂದ ಗುಣವಾಗುವ ಕಾಲ ಮೀರಿದವರ ಲೆಕ್ಕ. ಇವರ ಗಡ್ಡೆ ಇನ್ನೂ ಪೂರ್ತಿ ತೆಗೆಯಲು ಬರುವಂಥದ್ದು. ಬಾಯಿಯ ಕ್ಯಾನ್ಸರ್ ಈ ಹಂತದಲ್ಲಿದ್ದರೆ ಮೊದಲ ಚಿಕಿತ್ಸೆ ಆಪರೇಷನ್ನೇ. "ಹೊಸದು ಅಂದರೆ ಮೇಲಿನದು ಅಂತಲ್ಲ ತಮ್ಮಾ. ಈ ಗಡ್ಡೆಗೆ, ಈ ಹಂತಕ್ಕೆ ಯಾವುದು ಅಂತ ಡಾಕ್ಟರನ್ನು ಕೇಳು. ಹೊಲ ಮಾರಬೇಡ" ಅಂದೆ. ಬಿಪಿಎಲ್ ಕಾರ್ಡಿದ್ದ ಮನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇದೆ. ಇದು ಅವರಿಗೆ ಯಾರೂ ಹೇಳಿರಲಿಲ್ಲ.

ಹಿರಿಮಗನನ್ನು ಬೈಯಲಿಲ್ಲ. ಬೈದರೆ ಪುಡಿ ನಿಲ್ಲುವುದಿಲ್ಲ, ನಮಗೆ ಹೇಳುವುದು ನಿಲ್ಲುತ್ತದೆ, ಅಷ್ಟೇ. ಜೇಬಿನಿಂದ ಪೇಪರ್ ಪೊಟ್ಟಣ ತೆಗೆದು ತೋರಿಸಿದ. ಬೂದು ಬಣ್ಣದ ಪುಡಿ. ಒಳಗೆ ಏನಿದೆ ಅಂತ ಅವನಿಗೂ ಗೊತ್ತಿಲ್ಲ. ಇಂಥ ಕೆಲವು ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದಿದೆ. ಮುಂದೆ ಸಿಸ್ಪ್ಲಾಟಿನ್ ಅನ್ನೋ ಕೀಮೋ ಬೇಕಾದರೆ ಅದೂ ಕಿಡ್ನಿಗೆ ಭಾರ. ಎರಡೂ ಸೇರಿದರೆ ಏನಾಗಬಹುದು, ಅಲ್ವಾ? ಅದಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹರಡದ ಸ್ತನ, ಕರುಳು, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ನಂಬಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಜಾಸ್ತಿ ಇತ್ತು. ಬಾಯಿಯ ಕ್ಯಾನ್ಸರ್ ಅದರಲ್ಲಿ ಇರಲಿಲ್ಲ, ಅದನ್ನೂ ಹೇಳಿದೆ. ಚಾಕು ಹತ್ತಿದರೆ ಹರಡುತ್ತದೆ ಅನ್ನೋದು ಮಾತ್ರ ನಿಜವಲ್ಲ. ಬಿಟ್ಟರೆ ಹರಡುತ್ತದೆ. ಗಡ್ಡೆಯ ಸುತ್ತ ಚೆನ್ನಾಗಿರುವ ಮಾಂಸವನ್ನೂ ಸೇರಿಸಿ ತೆಗೆಯುವುದೇ ಏನೂ ಉಳಿಯಬಾರದು ಅಂತ.

ಇಷ್ಟಾದರೂ ಶರಣಪ್ಪನವರು ಬಾಯಿಬಿಡಲಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ ಕೇಳಿದೆ: "ಕಾಕಾ, ನಿಮಗ ಏನನ್ನಿಸ್ತದ?"

ಬಹಳ ಹೊತ್ತಿನ ಮೇಲೆ ಹೇಳಿದರು. ಅವರ ಓಣಿಯಲ್ಲಿ ಒಬ್ಬರಿಗೆ ಇದೇ ಆಪರೇಷನ್ ಆಗಿತ್ತಂತೆ. ಮುಖಕ್ಕೆ ಟವೆಲ್ ಸುತ್ತಿಕೊಂಡೇ ಓಡಾಡುತ್ತಿದ್ದರಂತೆ. "ಮಂದಿ ಮುಂದ ಕುಂತು ರೊಟ್ಟಿ ತಿನ್ನಾಕ ಬರಲ್ಲ ಅಂದ್ರ ಇದ್ದರ ಏನ್ ಮಾಡಾದದ ರೀ?"

ಎರಡು ತಿಂಗಳು ಪುಡಿ ತಿಂದದ್ದು ನಂಬಿಕೆಯಿಂದಲ್ಲ, ಈ ಹೆದರಿಕೆಯಿಂದ. ಇದಕ್ಕೆ ನನ್ನ ಮಾತು ಸಾಕಾಗುವುದಿಲ್ಲ ಅನ್ನಿಸಿತು. ಆಪರೇಷನ್ ಆಗಿ ನಾಲ್ಕು ವರ್ಷವಾದ ಒಬ್ಬರನ್ನು ಕೇಳಿಕೊಂಡೆ. ಮರುವಾರ ಬಂದರು. ಕೆನ್ನೆಗೆ ಎದೆಯ ಮಾಂಸ ತಂದು ಕೂಡಿಸಿದ್ದಾರೆ. ಮಾತು ಸ್ವಲ್ಪ ತೊದಲುತ್ತದೆ, ಅದನ್ನು ಮುಚ್ಚಿಡಲಿಲ್ಲ. ಡಬ್ಬಿ ತೆರೆದು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಶರಣಪ್ಪನವರ ಎದುರೇ ತಿಂದರು. ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಐಸ್‌ಕ್ರೀಮ್ ಕಡ್ಡಿಗಳ ಕಟ್ಟು ತೆಗೆದರು. ಬಾಯಿ ಬಿಗಿದುಕೊಳ್ಳಬಾರದು ಅಂತ ದಿನಾ ಹಲ್ಲುಗಳ ನಡುವೆ ಇಡುವ ಕಡ್ಡಿ. ಸರಾಗವಾದಂತೆ ಒಂದೊಂದು ಜಾಸ್ತಿ ಮಾಡುತ್ತಾ ಹೋಗಬೇಕು. ಶರಣಪ್ಪನವರು ಅದನ್ನು ಕೈಗೆ ತಗೊಂಡು ಎಣಿಸಿದರು. ಹದಿನೈದು.

ನಾನು ಕೊಟ್ಟ ಸಲಹೆ ಇಷ್ಟು. ತಂಬಾಕು ಇವತ್ತೇ ಬಿಡಿ. ಪುಡಿ ನಿಲ್ಲಿಸಿ, ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿ. ಆಪರೇಷನ್ ಆದ ಮೇಲೆ ಬಾಯಿ ಎಷ್ಟು ತೆರೆಯಬಹುದು, ಮಾತು ಹೇಗಿರುತ್ತದೆ ಅಂತ ನೀವೇ ಕೇಳಿ, ಮಕ್ಕಳು ಕೇಳುವುದು ಬೇಡ. ರೇಡಿಯೇಷನ್ ಬೇಕಾದರೆ ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಪೂಜೆ, ಪ್ರಾಣಾಯಾಮ ಬಿಡಬೇಕಾಗಿಲ್ಲ. ಅವು ನಿದ್ದೆಗೆ, ಧೈರ್ಯಕ್ಕೆ ಆಗುತ್ತವೆ. ಗಡ್ಡೆ ಕರಗಿಸುವ ಕೆಲಸ ಅವುಗಳದ್ದಲ್ಲ.

ಹನ್ನೊಂದನೇ ದಿನ ಆಪರೇಷನ್ ಆಯಿತು. ಕುತ್ತಿಗೆಯ ಗಂಟೊಂದರಲ್ಲಿ ರೋಗ ಸಿಕ್ಕಿದ್ದರಿಂದ ರೇಡಿಯೇಷನ್ ಕೂಡ ಬೇಕಾಯಿತು. ವಾರಕ್ಕೆ ಐದು ದಿನ, ಒಟ್ಟು 30 ಸಲ. ಎರಡು ತಿಂಗಳು ಮೊದಲೇ ಬಂದಿದ್ದರೆ ಅಂತ ಹಿರಿಮಗ ಅಳಲು ಶುರು ಮಾಡಿದ. ಆ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇಲ್ಲ. "ನಾಳೆ ಅಪ್ಪನ್ನ ಟೈಮಿಗೆ ಕರ್ಕೊಂಡು ಬಾ" ಅಂದೆ.

ಹೋದ ಸಲ ಬಂದಾಗ ಶರಣಪ್ಪನವರ ಕಟ್ಟಿನಲ್ಲಿ ಒಂಬತ್ತು ಕಡ್ಡಿ ಇದ್ದವು. ಕಿರಿಮಗನ ತುಟಿಯ ಅಂಚಿನಲ್ಲಿ ಗುಟ್ಕಾದ ಕೆಂಪು ಕಂಡಿತು. ಅವನ ಬಾಯಿ ತಪಾಸಣೆಗೆ ಬರುವ ಸೋಮವಾರ ಬರೆಸಿದ್ದೇನೆ. ಕರೆದುಕೊಂಡು ಬರುವ ಹೊಣೆ ಅಪ್ಪನದ್ದು.