ಹತ್ತಂಕಿಯ ಸಂಖ್ಯೆ ಮತ್ತು ಐದೇ ಭಾಗಾಕಾರ

ಪ್ರಶ್ನೆ: 4294967297 ಅವಿಭಾಜ್ಯ ಸಂಖ್ಯೆಯೇ? 500ರೊಳಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ, ಪ್ರತಿ ಸಲವೂ ಶೇಷ ಉಳಿಯಿತು. ಇಲ್ಲಿಗೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸುವಂತಿಲ್ಲ. 500ರೊಳಗೆ 95 ಅವಿಭಾಜ್ಯಗಳಿವೆ, ಅಷ್ಟನ್ನೂ ನೀವು ಮುಗಿಸಿದ್ದೀರಿ. 116ನೆಯದು 641. ಅದರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಇನ್ನು 21 ಸಲ ಭಾಗಿಸಿದ್ದರೆ ಸಿಕ್ಕಿಬಿಡುತ್ತಿತ್ತು! ಆದರೆ ಇಂಥ ಸಣ್ಣ ಅಪವರ್ತನ ಇಲ್ಲದಿದ್ದರೆ ವರ್ಗಮೂಲದವರೆಗೆ, ಅಂದರೆ 65536ರವರೆಗೆ ಹೋಗಬೇಕಾಗುತ್ತಿತ್ತು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಆದ್ದರಿಂದ ಭಾಗಿಸಲು ಕೂರುವ ಮೊದಲು ಸಂಖ್ಯೆಯ ರಚನೆ ಹೇಗಿದೆ ಎಂದು ನೋಡುವುದು ಮೇಲು.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆ. ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಬರುವ ಇದೇ ಸಾಲಿನಲ್ಲಿ ಇದಕ್ಕೆ ಮೊದಲು ಸಿಗುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಇರುತ್ತವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ನ್ನು ತೋರಿಸಿ ಆ ನಂಬಿಕೆಯನ್ನು ಮುರಿದರು.

'ಪ' ಎಂಬ ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನಿ. ಆಗ 2ರ 32ನೇ ಘಾತವನ್ನು 'ಪ'ದಿಂದ ಭಾಗಿಸಿದರೆ ಶೇಷ −1 (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ), ಅದರ ವರ್ಗವಾದ 64ನೇ ಘಾತಕ್ಕೆ ಶೇಷ 1. ಅದಕ್ಕಿಂತ ಸಣ್ಣ ಘಾತ ಯಾವುದಕ್ಕೂ ಶೇಷ 1 ಬರುವುದಿಲ್ಲ. ಫರ್ಮಾ ಅವರದೇ ಪ್ರಮೇಯದಂತೆ (ಪ−1)ನೇ ಘಾತಕ್ಕೂ ಶೇಷ 1 ಬರಲೇಬೇಕು. ಶೇಷ 1 ಕೊಡುವ ಘಾತಗಳೆಲ್ಲ ಅಂಥ ಅತಿ ಸಣ್ಣ ಘಾತದ ಅಪವರ್ತ್ಯಗಳೇ, ಹಾಗಾಗಿ ಪ−1 ಎಂಬುದು 64ರ ಅಪವರ್ತ್ಯ. 65, 129, 193 ಎಂದು 64 ಕೂಡಿಸುತ್ತ ಹೋಗಿ, ಅವಿಭಾಜ್ಯಗಳನ್ನು ಮಾತ್ರ ಇಟ್ಟುಕೊಳ್ಳಿ: 193, 257, 449, 577, 641. ಐದೇ ಭಾಗಾಕಾರ! ಫರ್ಮಾ ಅವರ ತಪ್ಪನ್ನು ಹಿಡಿದುಕೊಟ್ಟದ್ದು ಅವರದೇ ಪ್ರಮೇಯ ಎಂಬುದು ಗಣಿತದ ಸೊಗಸು.

ಭಾಗಿಸುವಾಗ ಒಂದು ಎಚ್ಚರ. 4489ರಲ್ಲಿ 641 ಏಳು ಸಲ ಹೋಗಿ 2 ಉಳಿಯುತ್ತದೆ. 6 ಇಳಿಸಿದರೆ 26, 7 ಇಳಿಸಿದರೆ 267, ಎರಡರಲ್ಲೂ 641 ಹೋಗುವುದಿಲ್ಲ. ಭಾಗಲಬ್ಧದಲ್ಲಿ ಆ ಎರಡು ಸೊನ್ನೆ ಬಿಟ್ಟುಹೋದರೆ ಉತ್ತರ 67417 ಆಗಿಬಿಡುತ್ತದೆ. ಸರಿಯಾದ ಉತ್ತರ 6700417. ಅದೂ ಅವಿಭಾಜ್ಯವೇ, ಅದರ ವರ್ಗಮೂಲ 2589ರೊಳಗಿದೆ, 64ರ ನಿಯಮದಂತೆ 641, 769, 1153, 1217, 1409, 1601, 2113 ಇಷ್ಟನ್ನು ಪರೀಕ್ಷಿಸಿದರೆ ಸಾಕು.

ಪ್ರಶ್ನೆ: 2ರ 64ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆಯನ್ನು 274177 ಭಾಗಿಸುತ್ತದೆಯಂತೆ. ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದರೆ ಸಂಖ್ಯೆಯ ಕೊನೆಯಲ್ಲಿ ಬರೀ ಸೊನ್ನೆಗಳು ಬರುತ್ತಿವೆ. ತಾಳೆ ನೋಡುವುದು ಹೇಗೆ?

ಉತ್ತರ: ಆ ಸಂಖ್ಯೆ 18446744073709551617, ಇಪ್ಪತ್ತು ಅಂಕಿ. ಸಾಮಾನ್ಯ ಸ್ಪ್ರೆಡ್‌ಶೀಟ್ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ಜಾಗಕ್ಕೆ ಸೊನ್ನೆ ತುಂಬುತ್ತದೆ. ಬೆಸ ಸಂಖ್ಯೆ ಸಮವಾಗಿ ಕಾಣುತ್ತದೆ, ಅದನ್ನು ನಂಬಿ ಮಾಡಿದ ಯಾವ ಭಾಗಾಕಾರಕ್ಕೂ ಅರ್ಥವಿಲ್ಲ.

ಇಡೀ ಸಂಖ್ಯೆಯನ್ನು ಮುಟ್ಟಬೇಡಿ, ಶೇಷದ ಮೇಲೆಯೇ ಲೆಕ್ಕ ನಡೆಸಿ. 2ರ 16ನೇ ಘಾತ 65536. ಅದರ ವರ್ಗ, ಅಂದರೆ 32ನೇ ಘಾತ, 4294967296. 274177ರಿಂದ ಭಾಗಿಸಿದರೆ ಶೇಷ 258768. ಇದು 274177ಕ್ಕಿಂತ 15409 ಕಡಿಮೆ, ಆದ್ದರಿಂದ ಶೇಷವನ್ನು −15409 ಎಂದೇ ಇಟ್ಟುಕೊಳ್ಳಿ, ಮುಂದಿನ ಗುಣಾಕಾರ ಸಣ್ಣದಾಗುತ್ತದೆ. ಅದರ ವರ್ಗ 237437281, 64ನೇ ಘಾತದ ಬದಲಿಗೆ ಇದನ್ನೇ ಬಳಸಬಹುದು. ಇದಕ್ಕೆ 1 ಕೂಡಿಸಿದರೆ 237437282, ಅದು 274177ರ 866 ಪಟ್ಟು, ಶೇಷ ಸೊನ್ನೆ.