ಐದು ಜನ, ಒಂದು ಒಣಮರ, ಮತ್ತು ನಿಮ್ಮ ಲೇಖನ

ಪ್ರಿಯರೇ, ನಮಸ್ಕಾರ.

‘ರೈಡ್ ಲೋನ್‌ಸಮ್’ ಚಿತ್ರದ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವ ಮನಸ್ಸೂ ಇಲ್ಲ. ಕೌಬಾಯ್ ಸಿನಿಮಾ ಅಂದಕೂಡಲೇ ನಮಗೆ ಬರುವ ಬರಹಗಳೆಲ್ಲ ಕ್ಲಿಂಟ್ ಈಸ್ಟ್‌ವುಡ್ಡನ ಚುಟ್ಟದ ಸುತ್ತಲೇ ಗಿರಕಿ ಹೊಡೆಯುತ್ತವೆ. ನೀವು 1959ರ ಈ 73 ನಿಮಿಷದ ಚಿತ್ರವನ್ನು, ಬಡ್ ಬೆಟಿಕರ್‌ನಂಥ ನಿರ್ದೇಶಕನನ್ನು ಆರಿಸಿಕೊಂಡಿದ್ದೀರಿ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಪಶ್ಚಿಮಕ್ಕೆ ವಲಸೆ, ಚಿನ್ನದ ಗಣಿ, ರೈಲುಹಳಿ, ಹಾಲಿವುಡ್ಡಿನ ಹುಟ್ಟು... ಇದನ್ನು ಓದುವಷ್ಟರಲ್ಲಿ ಓದುಗ ಪುಟ ಮಗುಚಿರುತ್ತಾನೆ. ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ, ಕೊಲೆಗಾರ ಬಿಲ್ಲಿ ಜಾನ್ ಬಂಡೆಗಳ ನಡುವೆ ಕಾಫಿ ಕುಡಿಯುತ್ತ, ತನ್ನನ್ನು ಹಿಡಿಯಲು ಬಂದ ಇನಾಮು ಬೇಟೆಗಾರ ಬ್ರಿಗೇಡ್‌ನನ್ನು ಆರಾಮಾಗಿ ಎದುರುಗೊಳ್ಳುವಲ್ಲಿ. ಅಲ್ಲಿಂದಲೇ ಶುರು ಮಾಡಿ.

ನನ್ನ ದೊಡ್ಡ ತಕರಾರು ಇರುವುದು ಬಜೆಟ್ ಬಗ್ಗೆ. ‘ಹಣದ ಕೊರತೆಯ ನಡುವೆಯೂ’ ಎಂಬ ಮಾತು ನಿಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿತ್ರದ ಪರವಾಗಿ ನೀವು ಕ್ಷಮೆ ಕೇಳುತ್ತಿರುವ ಹಾಗಿದೆ. ದುಡ್ಡು ಕಡಿಮೆ ಇದ್ದದ್ದು ನಿಜ, ಆದರೆ ಅದರಿಂದ ಪರದೆಯ ಮೇಲೆ ಏನಾಯಿತು ಅಂತ ನೋಡಿದ್ದೀರಾ? ಇಡೀ ಚಿತ್ರದಲ್ಲಿ ಒಂದು ಊರಿಲ್ಲ. ಸಲೂನ್ ಇಲ್ಲ, ಬ್ಯಾಂಕಿಲ್ಲ, ಗುಂಪುಗುಂಪಾಗಿ ಓಡಾಡುವ ಜೂನಿಯರ್ ಆರ್ಟಿಸ್ಟುಗಳಿಲ್ಲ. ಎಲ್ಲರೂ ಹೊರಟಿರುವ ಸಾಂತಾ ಕ್ರೂಸ್ ಊರು ಕೊನೆಗೂ ಕಾಣಿಸುವುದಿಲ್ಲ. ಇರುವುದು ಐದು ಜನರ ಪಯಣ, ಮಧ್ಯೆ ಒಂದು ಕುದುರೆಗಾಡಿ ತಂಗುದಾಣ, ಕೊನೆಗೊಂದು ಒಣಮರ. ಸೆಟ್ ಹಾಕಲು ಕಾಸಿಲ್ಲದಾಗ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬಳಿಯ ಅಲಬಾಮಾ ಹಿಲ್ಸ್ ಬಂಡೆಗಳೇ ಸೆಟ್. (ಇದೇ ಬಂಡೆಗಳು 1939ರ ‘ಗಂಗಾ ದಿನ್’ ಚಿತ್ರದಲ್ಲಿ ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯಾಗಿ ವೇಷ ಹಾಕಿದ್ದವು. ಹಾಲಿವುಡ್ಡಿಗೆ ಬಂಡೆ ಸಿಕ್ಕರೆ ಸಾಕು, ಖೈಬರ್ರೂ ಅದೇ, ಅರಿಜೋನವೂ ಅದೇ.) ಆ ಬಯಲನ್ನು ಛಾಯಾಗ್ರಾಹಕ ಚಾರ್ಲ್ಸ್ ಲಾಟನ್ ಜೂನಿಯರ್ ಸಿನಿಮಾಸ್ಕೋಪಿನ ಅಗಲದಲ್ಲಿ ಹಿಡಿದಿದ್ದಾನೆ. ಅಷ್ಟು ಅಗಲದಲ್ಲಿ ಐದೇ ಜನ ಸಾಗುವಾಗ ಯಾರು ಯಾರ ಪಕ್ಕ ಇದ್ದಾರೆ, ಯಾರು ಹಿಂದೆ ಬಿದ್ದಿದ್ದಾರೆ ಎನ್ನುವುದೇ ಕಥೆಯಾಗುತ್ತದೆ. ಇದನ್ನು ಬರೆಯಿರಿ. ‘ನಡುವೆಯೂ’ ಬೇಡ, ‘ಇದರಿಂದಾಗಿ’ ಏನಾಯಿತು ಅಂತ ಹೇಳಿ.

ಇನ್ನು ತಾರಾಗಣದ ಭಾಗ. ಮದುವೆ ಬ್ರೋಕರ್ ತರುವ ಬಯೋಡಾಟಾಗಳ ಕಟ್ಟಿನಂತಿದೆ. ಪರ್ನೆಲ್ ರಾಬರ್ಟ್ಸ್ ಅದೇ ವರ್ಷ ‘ಬೊನಾಂಜಾ’ ಧಾರಾವಾಹಿಗೆ ಹೋದ, ಜೇಮ್ಸ್ ಬೆಸ್ಟ್ ಮುಂದೆ ‘ದಿ ಡ್ಯೂಕ್ಸ್ ಆಫ್ ಹಝರ್ಡ್’ನ ಶೆರಿಫ್ ಆದ, ಜೇಮ್ಸ್ ಕೋಬರ್ನ್‌ಗೆ ಕಡೆಗಾಲದಲ್ಲಿ ಆಸ್ಕರ್ ಬಂತು. ಎಲ್ಲ ಸರಿ, ಆದರೆ ಈ ಚಿತ್ರದಲ್ಲಿ ಅವರು ಮಾಡಿದ್ದೇನು? ಕೋಬರ್ನ್‌ಗೆ ಇದು ಮೊದಲ ಚಿತ್ರ. ಅವನ ವಿಟ್, ರಾಬರ್ಟ್ಸ್‌ನ ಬೂನ್ ಇಬ್ಬರೂ ಹಳೇ ಕಳ್ಳರು. ಬಿಲ್ಲಿಯನ್ನು ತಂದೊಪ್ಪಿಸಿದವರಿಗೆ ಕ್ಷಮಾದಾನ ಅಂತ ಗೊತ್ತಾಗಿ ಬೆನ್ನುಹತ್ತಿದ್ದಾರೆ. ಮುಂದೆ ಜಮೀನು ಮಾಡಿಕೊಂಡು ನೆಟ್ಟಗೆ ಬದುಕುವಾಗ ಅರ್ಧ ಪಾಲು ನಿನ್ನದು ಅಂತ ಬೂನ್ ಹೇಳುತ್ತಾನೆ. ವಿಟ್‌ಗೆ ನಂಬಿಕೆಯಾಗುವುದಿಲ್ಲ, ಯಾಕೆ ಅನ್ನುತ್ತಾನೆ. ನೀನಂದ್ರೆ ನಂಗಿಷ್ಟ ಕಣೋ, ಅದಕ್ಕೆ. ವಿಟ್ ಮುಖ ನೋಡಬೇಕು: ಇಷ್ಟು ವರ್ಷ ಜೊತೆಗಿದ್ದೂ ನಂಗದು ಗೊತ್ತೇ ಇರಲಿಲ್ಲವಲ್ಲ! ಬರ್ಟ್ ಕೆನಡಿ ಬರೆದ ಚಿತ್ರಕಥೆಯಲ್ಲಿ ಇಬ್ಬರು ಪೋಷಕ ನಟರಿಗೆ ಸಿಕ್ಕಿದ ಆಸ್ತಿ ಇದು. ಇದೊಂದು ದೃಶ್ಯ ಬಿಡಿಸಿಟ್ಟರೆ ನಿಮ್ಮ ಮೂರು ಬಯೋಡಾಟಾ ತಾವಾಗಿ ಉದುರುತ್ತವೆ. ಕ್ಯಾರನ್ ಸ್ಟೀಲ್‌ಗೆ ನೀವು ಕೊಟ್ಟಿರುವುದು ‘ಚೆಲುವೆ’ ಎಂಬ ಒಂದೇ ಪದ. ಅವಳ ಪಾತ್ರವೋ, ಗಂಡನನ್ನು ಕಳೆದುಕೊಂಡವಳು, ಬಂದೂಕು ಹಿಡಿದು ತಂಗುದಾಣ ಕಾಯುವವಳು. ಇನ್ನೊಮ್ಮೆ ನೋಡಿ.

ಎರಡು ತಪ್ಪು ತಿದ್ದಲೇಬೇಕು. ಬ್ರಿಗೇಡ್ ಪಾತ್ರದ ರ್ಯಾಂಡಾಲ್ಫ್ ಸ್ಕಾಟ್ ‘ಅವಕಾಶವಿಲ್ಲದೆ ಸಣ್ಣ ಚಿತ್ರ ಒಪ್ಪಿಕೊಂಡ’ ಎಂದಿದ್ದೀರಿ. 1950ರ ದಶಕದ ಆರಂಭದಲ್ಲಿ ಆತ ಅಮೆರಿಕದ ಮೊದಲ ಹತ್ತು ಗಲ್ಲಾಪೆಟ್ಟಿಗೆ ತಾರೆಗಳಲ್ಲಿ ಒಬ್ಬ. ನಿರ್ಮಾಪಕ ಹ್ಯಾರಿ ಜೋ ಬ್ರೌನ್ ಜೊತೆ ಪಾಲುದಾರನಾಗಿ ತಾನೇ ಇಂಥ ಚಿತ್ರಗಳನ್ನು ಮಾಡಿಸಿದವನು. ಹುಟ್ಟಿದ್ದು 1898ರಲ್ಲಿ, ಅಂದರೆ ಕುದುರೆಯ ಮೇಲೆ ಕೂತ ಆ ಬಿಗಿಮುಖಕ್ಕೆ ಅರವತ್ತು ತುಂಬಿತ್ತು. ಆ ವಯಸ್ಸು ಪಾತ್ರಕ್ಕೆ ಎಷ್ಟು ಒದಗಿಬಂದಿದೆ ನೋಡಿ.

ಎರಡನೆಯದು, ಲೀ ವ್ಯಾನ್ ಕ್ಲೀಫ್ ‘ಚಿತ್ರದುದ್ದಕ್ಕೂ ಅಬ್ಬರಿಸುತ್ತಾನೆ’ ಎಂದದ್ದು. ಅವನಿರುವುದು ಕೆಲವೇ ದೃಶ್ಯಗಳಲ್ಲಿ, ಅಬ್ಬರವಂತೂ ಇಲ್ಲವೇ ಇಲ್ಲ. ಬ್ರಿಗೇಡ್‌ಗೆ ಬೇಕಿದ್ದದ್ದು ಬಿಲ್ಲಿಯಲ್ಲ, ಅವನ ಅಣ್ಣ ಫ್ರಾಂಕ್, ಅಂದರೆ ವ್ಯಾನ್ ಕ್ಲೀಫ್‌ನ ಪಾತ್ರ; ಬಿಲ್ಲಿ ಬರೀ ಎರೆ. ಬ್ರಿಗೇಡ್‌ನ ಹೆಂಡತಿಯನ್ನು ಕೊನೆಗೆ ಬರುವ ಆ ಒಣಮರಕ್ಕೇ ನೇಣು ಹಾಕಿದವನು ಈ ಫ್ರಾಂಕ್. ಅದು ಎಷ್ಟೋ ಹಿಂದಿನ ಮಾತು, ನನಗೆ ಮರೆತೇಹೋಗಿತ್ತು ಅನ್ನುತ್ತಾನೆ ಅವನು. ಈಸ್ಟ್‌ವುಡ್ ಜೊತೆಗಿನ ಚಿತ್ರಗಳನ್ನು ತಲೆಯಲ್ಲಿಟ್ಟುಕೊಂಡು ನೀವು ಈ ವ್ಯಾನ್ ಕ್ಲೀಫ್‌ನನ್ನು ನೋಡಿದ್ದೀರಿ. ಅವು ಬಂದದ್ದು 1965 ಮತ್ತು 1966ರಲ್ಲಿ.

ಕೊನೆಯ ಪ್ಯಾರಾದಲ್ಲಿ ಕನ್ನಡದ ಯುವ ನಿರ್ದೇಶಕರಿಗೆ ಕೊಟ್ಟಿರುವ ಬುದ್ಧಿಮಾತು ಪೂರ್ತಿ ಬೇಡ. ‘ಅದ್ಭುತ’, ‘ಅನನ್ಯ’ ಕಂಡಲ್ಲೆಲ್ಲ ಕತ್ತರಿ ಹಾಕಿ. 1200 ಪದಗಳ ಒಳಗೆ ಮತ್ತೆ ಬರೆದು ಕಳಿಸಿ, ಖಂಡಿತ ಓದುತ್ತೇನೆ. ಚಿತ್ರದ ಸ್ಟಿಲ್‌ಗಳನ್ನು ಅಂತರ್ಜಾಲದಿಂದ ಎತ್ತಿ ಲಗತ್ತಿಸಬೇಡಿ. ಹಕ್ಕಿನ ತಕರಾರು ಬಂದರೆ ಉತ್ತರ ಕೊಡಬೇಕಾದವರು ನಾವು.

ವಿಶ್ವಾಸದಿಂದ,
ಸಂಪಾದಕ